ನೂರರಲ್ಲಿ ನಾಲ್ಕು

ರಿಂಗ್ ಫ್ರೇಮ್ ಖಾತೆಯ ಬಾಗಿಲಲ್ಲಿ
ಉಚ್ಚೆಂಗೆಪ್ಪ ಕಣ್ಣು ಮುಚ್ಚಿ ನಿಲ್ಲುತ್ತಿದ್ದ,
ಕಿವಿಯ ಸಂದಿಗೆ ಬೀಡಿ, ಹುಬ್ಬಿನ ಮೇಲೆ ಹತ್ತಿಯ ಧೂಳು.
ಅಪ್ಪನ ಬುತ್ತಿ ಹಿಡಿದು ನಾನು ಹಿಂದೆ.
ನಾಲ್ಕುನೂರು ಕದಿರು ಒಟ್ಟಿಗೇ ತಿರುಗುವ ಗದ್ದಲದಲ್ಲಿ
"ಎಡಕ್ಕೆ, ಕೊನೇಲಿಂದ ಏಳನೇದು. ನೋಡ್ ಹೋಗು" ಅನ್ನುವನು.
ಹೋದರೆ, ಏಳನೆಯದರ ಬುಡದಲ್ಲಿ
ಉಗುರಿನಷ್ಟು ಹತ್ತಿ ಸಿಕ್ಕಿಕೊಂಡಿರುತ್ತಿತ್ತು.
"ಹೆಂಗ್ ಗೊತ್ತಾತು ಮಾಮ?"
"ತಿರುಗೋದು ಸುಳ್ಳು ಹೇಳಲ್ಲವ್ವಾ."

ಈಗ ತೋಳಹುಣಸೆ ದಾರಿಯ ಲ್ಯಾಬಿನಲ್ಲಿ
ನನ್ನ ಮುಂದಿರುವುದು ಮೂರೇ ಪರಮಾಣುಗಳ ಕಡ್ಡಿ:
ಆಮ್ಲಜನಕ, ಇಂಗಾಲ, ಗಂಧಕ.
ಕಂಡವರಿಲ್ಲ. ಕಾಣುವಂಥದ್ದೂ ಅಲ್ಲ.
ಸೂಜಿಮೊನೆಯ ತೂತಿನಿಂದ ಅನಿಲ ನಿರ್ವಾತಕ್ಕೆ ಚಿಮ್ಮುತ್ತದೆ.
ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಇದು ತದ್ವಿರುದ್ಧ:
ಅಲ್ಲಿ ಕಾದ ಮರಳಿಗೆ ಅಕ್ಕಿ ಅರಳುತ್ತದೆ,
ಇಲ್ಲಿ ಅರಳಿದ್ದೇ ತಣ್ಣಗಾಗುತ್ತದೆ,
ಅದಕ್ಕಿಂತ ಕೆಳಗೆ ಚಳಿಯೇ ಇಲ್ಲ ಎನ್ನುವ ಸೊನ್ನೆಗೆ
ಮೂರೋ ನಾಲ್ಕೋ ಡಿಗ್ರಿ ಉಳಿಸಿ.
ಆಗ ಮೈಕ್ರೋವೇವ್ ಕಳಿಸಿ ಕಿವಿಗೊಡುತ್ತೇನೆ.
ಹನ್ನೆರಡು ಸಾವಿರದ ನೂರಾ ಅರವತ್ತಮೂರು ಮೆಗಾಹರ್ಟ್ಸ್‌ಗೆ ಒಂದು ಗೀಟು.
ಅದರ ಎರಡರಷ್ಟಕ್ಕೆ ಇನ್ನೊಂದು, ಮೂರರಷ್ಟಕ್ಕೆ ಮತ್ತೊಂದು,
ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ.

ಎಲ್ಲವೂ ಮಾತಾಡುವುದಿಲ್ಲ, ಹಾಗೆ ನೋಡಿದರೆ.
ನಾವು ಬಿಡುವ ಉಸಿರಿನಲ್ಲಿ ಇಂಗಾಲಕ್ಕೆ ಎರಡೂ ಕಡೆ ಆಮ್ಲಜನಕ,
ಸರಿಸಮ ತಕ್ಕಡಿ; ಎಷ್ಟು ಕೂಗಿದರೂ ಓಗೊಡದು.
ಒಂದು ಕಡೆಗೆ ತುಸು ವಾಲಿರಬೇಕು.
ವಾಲಿದ್ದಕ್ಕೆ ಮಾತ್ರ ದನಿ.

ಗೀಟು ಸಿಕ್ಕಿತೆಂದರೆ ಆಕಾರ ಸಿಕ್ಕಿತು ಅಂತಲ್ಲ.
ಸಂಖ್ಯೆ ಒಂದು, ತಿಳಿಯಬೇಕಾದ ಉದ್ದ ಎರಡು:
ಹೈಸ್ಕೂಲಿನ ಬೀಜಗಣಿತಕ್ಕೂ ಗೊತ್ತು, ಬಿಡಿಸಲಾಗದು.
ಆದರೆ ಗಂಧಕದಲ್ಲಿ ನೂರಕ್ಕೆ ನಾಲ್ಕು
ಹುಟ್ಟಾ ತುಸು ಭಾರದವು,
ಅವಿದ್ದಲ್ಲಿ ಕಡ್ಡಿ ತಿರುಗಲು ಆಲಸ್ಯ.
ರಾತ್ರಿ ಎರಡೂವರೆಗೆ, ದೊಡ್ಡ ಗೀಟಿನಿಂದ
ಸುಮಾರು ಮುನ್ನೂರು ಮೆಗಾಹರ್ಟ್ಸ್ ಕೆಳಗೆ
ನೊರಜಿನಷ್ಟು ಇನ್ನೊಂದು ಎದ್ದಿತು.
ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು
"ಕೊನೇಲಿಂದ ಏಳನೇದು" ಅಂದೆ.
ಕೇಳಲು ಯಾರೂ ಇರಲಿಲ್ಲ, ಪಂಪು ಗುಂಯ್‌ಗುಡುತ್ತಿತ್ತು.

ನಡುವಿನ ಇಂಗಾಲ ಬದಲಾದರೆ ಗೀಟು ಕದಲುವುದೇ ಕಡಿಮೆ.
ತೂಕದ ಕೇಂದ್ರಕ್ಕೆ ಹತ್ತಿರ ಕೂತವರು
ಬಂದರೂ ಅಷ್ಟೇ, ಹೋದರೂ ಅಷ್ಟೇ.
ಮಿಲ್ಲಿಗೆ ಮೂರು ಸಲ ಮಾಲೀಕರು ಬದಲಾದರು,
ಕದಿರಿನ ಸದ್ದು ಹಾಗೇ ಇತ್ತು.
ಬಾಗಿಲ ಅಂಚಿನ ಉಚ್ಚೆಂಗೆಪ್ಪ ಜ್ವರ ಬಂದು ಮಲಗಿದ ವಾರ
ಪಾಳಿಗೆ ಪಾಳಿ ನೂಲು ಹರಿಯಿತಂತೆ.

ಒಂದು ಕೊರತೆ ಇದೆ ಈ ಲೆಕ್ಕದಲ್ಲಿ.
ಬದಲಾದ ಪರಮಾಣು ಕೇಂದ್ರದಿಂದ ಎಷ್ಟು ದೂರ, ಹೇಳುತ್ತದೆ.
ಯಾವ ಕಡೆ, ಹೇಳುವುದಿಲ್ಲ.
ಉತ್ತರ ಬರುವುದೇ ವರ್ಗವಾಗಿ,
ಮೂಲ ತೆಗೆದರೆ ಕೂಡು, ಕಳೆ, ಎರಡೂ ಸರಿ.
ಬೇರೆ ಸಾಕ್ಷಿ ಹುಡುಕಿ ನಾವೇ ಆರಿಸಬೇಕು.

ಬೀಗ ಬಿದ್ದ ವರ್ಷ ಗೇಟಿನ ಮುಂದೆ
ನೂರ ಹದಿನಾರು ದಿನ ಅಪ್ಪ ಕೂತಿದ್ದ.
ಉಚ್ಚೆಂಗೆಪ್ಪ ಹಿಂಬಾಗಿಲಿಂದ ಹೋಗಿ
ಕದಿರಿಗೆ ಎಣ್ಣೆ ಬಿಟ್ಟು ಬರುತ್ತಿದ್ದ, ಇದು ಖರೆ.
ತುಕ್ಕು ಹಿಡಿಯದಿರಲಿ, ನಾಳೆ ನಮಗೇ ಬೇಕು ಅಂತ,
ಅಂದವರುಂಟು.
ಮಾಲೀಕರ ಕಾಸು ಎಣಿಸಿಕೊಂಡು, ಅಂದವರೂ ಉಂಟು.
ಅಪ್ಪ ಮತ್ತೆ ಅವನ ಹೆಸರು ಎತ್ತಲಿಲ್ಲ.
ಬುತ್ತಿಯ ಡಬ್ಬಿ ಅಟ್ಟ ಸೇರಿತು.

ಇಂಗಾಲದಿಂದ ಆಮ್ಲಜನಕಕ್ಕೆ ಒಂದು ದಶಾಂಶ ಒಂದು ಆರು.
ಗಂಧಕಕ್ಕೆ ಒಂದು ದಶಾಂಶ ಐದು ಆರು ಆಂಗ್‌ಸ್ಟ್ರಾಮ್.
ಬರೆದು ಕೆಳಗೆ ಗೆರೆ ಎಳೆದೆ.
ಹೊರಗೆ ಊರಿನ ಕಡೆಯ ಮೊದಲ ಬಸ್ಸು ಕೆಮ್ಮಿ ಹೊರಟಿತು.
ಆ ಗೇಟಿನಿಂದ ಅವನ ಮನೆಗೆ
ಚಿಕ್ಕವಳಿದ್ದಾಗ ಹೆಜ್ಜೆ ಎಣಿಸಿದ್ದೆ:
ನಾನೂರ ಇಪ್ಪತ್ತು.
ಅಷ್ಟು ಮಾತ್ರ ಖಚಿತ.